ಒಂದು ಸ್ವರ ಇಳಿಸಿದರೆ ಸಾಕು: ರಾಕ್ ಹಾಡಿನಲ್ಲಿ ಎರವಲು ಕಾರ್ಡ್ ಬಳಸುವ ಬಗೆ

ಸಿ, ಜಿ, ಎ ಮೈನರ್, ಎಫ್. ಈ ನಾಲ್ಕೇ ಕಾರ್ಡ್‌ಗಳನ್ನು (ಒಟ್ಟಿಗೆ ಮೊಳಗುವ ಸ್ವರಗಳ ಗುಂಪುಗಳನ್ನು) ಹಿಂದುಮುಂದು ಮಾಡಿ ಐದಾರು ಹಾಡು ಕಟ್ಟಿದ ಮೇಲೆ ಯಾವ ಬ್ಯಾಂಡ್‌ಗಾದರೂ ಎಲ್ಲವೂ ಒಂದೇ ಥರ ಕೇಳಿಸತೊಡಗುತ್ತದೆ. ಆಗ ಹೊಸ ಎಫೆಕ್ಟ್ ಪೆಡಲ್ ಕೊಳ್ಳುವ ಮೊದಲು ಮಾಡಿ ನೋಡಬೇಕಾದದ್ದೊಂದಿದೆ. ಹಾಡು ಸಿ ಮೇಜರ್‌ನಲ್ಲೇ ಇರಲಿ. ಒಂದೆರಡು ಬಾರ್‌ಗಳ (ತಾಳದ ಆವರ್ತಗಳ) ಮಟ್ಟಿಗೆ ಸಿ ಮೈನರ್‌ನಿಂದ ಒಂದು ಕಾರ್ಡ್ ತಂದು ಬಳಸಿ, ಮತ್ತೆ ಮೇಜರ್‌ಗೆ ಮರಳಿ. ಬಾರೋಡ್ ಕಾರ್ಡ್, ಅಂದರೆ ಎರವಲು ಕಾರ್ಡ್, ಇಷ್ಟೇ. ಷಡ್ಜ ಅಲುಗುವುದಿಲ್ಲ, ಸುತ್ತಲಿನ ಒಂದೋ ಎರಡೋ ಸ್ವರ ಒಂದು ಫ್ರೆಟ್‌ನಷ್ಟು (ಗಿಟಾರ್‌ನ ಒಂದು ಮನೆಯಷ್ಟು) ಕೆಳಗಿಳಿಯುತ್ತದೆ.

ಪುಸ್ತಕದಲ್ಲಿ ಇದರ ವಿವರಣೆ ಎರಡು ಪ್ಯಾರಾದಲ್ಲಿ ಮುಗಿಯುತ್ತದೆ, ಬ್ಯಾಂಡ್‌ನಲ್ಲಿ ಮುಗಿಯುವುದಿಲ್ಲ. ನಾಲ್ಕೈದು ಜನ ಒಟ್ಟಿಗೆ ನುಡಿಸುವಾಗ ಆ ಇಳಿದ ಸ್ವರವನ್ನು ಯಾರೂ ನುಡಿಸದೇ ಹೋಗಬಹುದು. ಇಲ್ಲವೇ ಒಬ್ಬರು ಇಳಿಸಿ, ಇನ್ನೊಬ್ಬರು ಹಳೆಯದನ್ನೇ ಹಿಡಿದು, ಎರಡೂ ಬಡಿದಾಡಬಹುದು. ಹಾಗಾಗಿ ಪ್ರತಿ ಎರವಲು ಕಾರ್ಡ್‌ಗೂ ಮೂರು ಪ್ರಶ್ನೆ ಕೇಳಿಕೊಳ್ಳಬೇಕು: ಯಾವ ಸ್ವರ ಬದಲಾಯಿತು, ಅದನ್ನು ಯಾರು ನುಡಿಸುತ್ತಾರೆ, ಮುಂದಿನ ಕಾರ್ಡ್‌ನಲ್ಲಿ ಅದು ಎಲ್ಲಿಗೆ ಹೋಗುತ್ತದೆ.

ಮೊದಲು ಎರಡು ಸಾಲು ಬರೆದುಕೊಳ್ಳಿ

ಸಿ ಮೇಜರ್‌ನ ಏಳು ಕಾರ್ಡ್‌ಗಳು: ಸಿ, ಡಿ ಮೈನರ್, ಇ ಮೈನರ್, ಎಫ್, ಜಿ, ಎ ಮೈನರ್, ಬಿ ಡಿಮಿನಿಶ್ಡ್.

ಸಿ ಮೈನರ್‌ನ ಏಳು: ಸಿ ಮೈನರ್, ಡಿ ಡಿಮಿನಿಶ್ಡ್, ಇ ಫ್ಲಾಟ್, ಎಫ್ ಮೈನರ್, ಜಿ ಮೈನರ್, ಎ ಫ್ಲಾಟ್, ಬಿ ಫ್ಲಾಟ್.

ಇಲ್ಲೇ ಬಹಳ ಜನ ಎಡವುತ್ತಾರೆ. ಸಿ ಮೇಜರ್‌ಗೆ ಜೋಡಿ ಮೈನರ್ ಎಂದರೆ ಎ ಮೈನರ್ ಎಂದು ಕಲಿತಿರುತ್ತೇವೆ. ಅದರಿಂದ ಎರವಲು ತರಲು ಹೋದರೆ ಹೊಸದೇನೂ ಸಿಗುವುದಿಲ್ಲ, ಏಕೆಂದರೆ ಎರಡರಲ್ಲೂ ಇರುವುದು ಅವೇ ಏಳು ಸ್ವರ. ಎರವಲು ತರಬೇಕಾದದ್ದು ಅದೇ ಷಡ್ಜದ ಮೈನರ್‌ನಿಂದ. ಸಿ ಮೇಜರ್ ಮತ್ತು ಸಿ ಮೈನರ್ ನಡುವೆ ಬದಲಾಗುವುದು ಮೂರೇ ಸ್ವರ: ಇ, ಎ, ಬಿ ಮೂರೂ ಫ್ಲಾಟ್ ಆಗುತ್ತವೆ, ಅಂದರೆ ಒಂದು ಫ್ರೆಟ್ ಇಳಿಯುತ್ತವೆ.

ಈಗ ಎರಡನೆಯ ಸಾಲಿನ ಪ್ರತಿ ಕಾರ್ಡ್‌ನಲ್ಲಿ ಈ ಮೂರರಲ್ಲಿ ಎಷ್ಟು ಸ್ವರ ಇವೆ ಎಂದು ಎಣಿಸಿ. ಎಫ್ ಮೈನರ್‌ನಲ್ಲಿ ಒಂದೇ, ಎ ಫ್ಲಾಟ್. ಬಿ ಫ್ಲಾಟ್ ಕಾರ್ಡ್‌ನಲ್ಲೂ ಒಂದೇ, ಬಿ ಫ್ಲಾಟ್. ಜಿ ಮೈನರ್, ಡಿ ಡಿಮಿನಿಶ್ಡ್‌ನಲ್ಲೂ ಒಂದೊಂದೇ. ಎ ಫ್ಲಾಟ್ ಮತ್ತು ಇ ಫ್ಲಾಟ್ ಕಾರ್ಡ್‌ಗಳಲ್ಲಿ ಎರಡೆರಡು. ಒಂದು ಸ್ವರ ಬದಲಾದವು ಹಾಡಿನೊಳಗೆ ಮೆತ್ತಗೆ ಸೇರಿಕೊಳ್ಳುತ್ತವೆ. ಎರಡು ಬದಲಾದವು ಕೇಳುಗರ ಕಿವಿ ನಿಮಿರುವಂತೆ ಮಾಡುತ್ತವೆ. ಮೊದಲ ಸಲ ಪ್ರಯತ್ನಿಸುವವರು ಎಫ್ ಮೈನರ್ ಮತ್ತು ಬಿ ಫ್ಲಾಟ್‌ನಿಂದಲೇ ಶುರುಮಾಡಿ.

ಎಫ್‌ನಿಂದ ಎಫ್ ಮೈನರ್‌ಗೆ, ಅಲ್ಲಿಂದ ಸಿ ಗೆ

ರಾಕ್‌ನಲ್ಲಿ ಅತಿ ಹೆಚ್ಚು ಕೇಳಸಿಗುವ ಎರವಲು ನಾಲ್ಕನೆಯ ಕಾರ್ಡನ್ನು ಮೈನರ್ ಮಾಡುವುದು. ಓಯಸಿಸ್ ಬ್ಯಾಂಡ್‌ನ 1995ರ ಆಲ್ಬಮ್‌ನಲ್ಲಿರುವ ‘ಡೋಂಟ್ ಲುಕ್ ಬ್ಯಾಕ್ ಇನ್ ಆ್ಯಂಗರ್’ ಹಾಡಿನಲ್ಲಿ ಕೋರಸ್‌ಗೆ ಮುಂಚಿನ ಸಾಲುಗಳು ಎಫ್, ಎಫ್ ಮೈನರ್, ಸಿ ಕ್ರಮದಲ್ಲೇ ಸಾಗುತ್ತವೆ.

ಗಿಟಾರ್‌ನಲ್ಲಿ ಇದು ಒಂದು ಬೆರಳಿನ ಕೆಲಸ. ಎಫ್ ಬ್ಯಾರೆ ಕಾರ್ಡ್ (ಒಂದೇ ಬೆರಳನ್ನು ತಂತಿಗಳ ಮೇಲೆ ಅಡ್ಡಲಾಗಿ ಒತ್ತುವ ಹಿಡಿತ) ಹಿಡಿಯಿರಿ. 6ನೇ ತಂತಿಯಿಂದ (ಅತಿ ದಪ್ಪನೆಯದು) 1ನೇ ತಂತಿಯವರೆಗೆ ಫ್ರೆಟ್‌ಗಳು 1-3-3-2-1-1. ಈಗ 3ನೇ ತಂತಿಯ ಮೇಲಿರುವ ನಡುಬೆರಳನ್ನು ಎತ್ತಿ. 1-3-3-1-1-1 ಆಗಿ ಅದು ಎಫ್ ಮೈನರ್. ಆಮೇಲೆ ಓಪನ್ ಸಿ (ಖಾಲಿ ತಂತಿಗಳೂ ಮೊಳಗುವ ಹಿಡಿತ), 5ನೇ ತಂತಿಯಿಂದ 3-2-0-1-0. ಮೂರೂ ಕಾರ್ಡ್‌ಗಳಲ್ಲಿ 3ನೇ ತಂತಿಯನ್ನಷ್ಟೇ ಗಮನಿಸಿ: 2ನೇ ಫ್ರೆಟ್, 1ನೇ ಫ್ರೆಟ್, ಖಾಲಿ ತಂತಿ. ಎ, ಎ ಫ್ಲಾಟ್, ಜಿ. ಕಾರ್ಡ್‌ಗಳನ್ನು ಬಿಟ್ಟು ಆ ಒಂದು ತಂತಿಯಲ್ಲೇ ಈ ಮೂರು ಸ್ವರಗಳನ್ನು ನುಡಿಸಿದರೂ, ಕೆಳಗೆ ಬೇಸ್ ಎಫ್, ಎಫ್, ಸಿ ಹಿಡಿದರೆ, ಇಡೀ ಬದಲಾವಣೆ ಸ್ಪಷ್ಟವಾಗಿ ಕೇಳುತ್ತದೆ. ಹಾಡು ಕಟ್ಟುವಾಗ ಕಾಪಾಡಬೇಕಾದದ್ದು ಈ ಇಳಿಜಾರನ್ನು.

ಅಳತೆ: 4/4 ತಾಳದಲ್ಲಿ ಎಫ್ ಒಂದು ಬಾರ್, ಎಫ್ ಮೈನರ್ ಒಂದು ಬಾರ್, ಸಿ ಎರಡು ಬಾರ್. ಎಫ್ ಮೈನರ್‌ಗೆ ಎರಡು ಬೀಟ್‌ಗಿಂತ ಕಡಿಮೆ ಕೊಡಬೇಡಿ; ನಿಮಿಷಕ್ಕೆ 140 ಬೀಟ್ ದಾಟಿದ ಹಾಡಾದರೆ ಪೂರ್ತಿ ಒಂದು ಬಾರ್ ಬೇಕೇ ಬೇಕು. ಅದಕ್ಕಿಂತ ಬೇಗ ದಾಟಿಸಿದರೆ ಯಾರೋ ತಪ್ಪು ನುಡಿಸಿದರು ಎಂದೇ ಕೇಳುಗರಿಗೆ ಅನಿಸುತ್ತದೆ.

ಇನ್ನೂ ಸ್ವಲ್ಪ ನೋವು ಬೇಕಿದ್ದರೆ ಎಫ್ ಮೈನರ್ 6 ಹಿಡಿಯಿರಿ. 6ನೇ ತಂತಿ 1ನೇ ಫ್ರೆಟ್, 5ನೇ ತಂತಿ ಮುಚ್ಚಿ, 4ನೇ ತಂತಿ ಖಾಲಿ, ಉಳಿದ ಮೂರೂ 1ನೇ ಫ್ರೆಟ್. ಖಾಲಿ 4ನೇ ತಂತಿಯ ಡಿ ಸ್ವರ ಮುಂದಿನ ಸಿ ಕಡೆಗೆ ಎಳೆಯುತ್ತದೆ. ಈ ಹಿಡಿತಕ್ಕೆ ಕ್ಲೀನ್ ಟೋನ್ ಬೇಕು, ಡಿಸ್ಟಾರ್ಷನ್‌ನಲ್ಲಿ (ದನಿಯನ್ನು ಬೇಕೆಂದೇ ಒರಟಾಗಿಸುವ ಎಫೆಕ್ಟ್‌ನಲ್ಲಿ) ಅದು ನಿಲ್ಲುವುದಿಲ್ಲ.

‘ಕ್ರೀಪ್’ ಹಾಡಿನ 2ನೇ ತಂತಿ

ರೇಡಿಯೋಹೆಡ್ ಬ್ಯಾಂಡ್ 1992ರಲ್ಲಿ ಹೊರತಂದ ‘ಕ್ರೀಪ್’ ಇದೇ ಎರವಲಿನ ಮೇಲೆ ನಿಂತ ಹಾಡು. ಜಿ, ಬಿ, ಸಿ, ಸಿ ಮೈನರ್ ಎಂಬ ನಾಲ್ಕೇ ಕಾರ್ಡ್ ಹಾಡಿನುದ್ದಕ್ಕೂ ಸುತ್ತುತ್ತವೆ. ಜಿ ಮೇಜರ್‌ನಲ್ಲಿ ಸಿ ಮೈನರ್ ಎಂದರೆ ಮೇಲೆ ಹೇಳಿದ ಎಫ್ ಮೈನರ್‌ನದೇ ಸ್ಥಾನ.

ಹಿಡಿದು ನೋಡಿ. ಜಿ: 3-2-0-0-3-3. ಬಿ: 5ನೇ ತಂತಿಯಿಂದ 2-4-4-4-2. ಸಿ: 5ನೇ ತಂತಿಯಿಂದ 3-5-5-5-3. ಸಿ ಮೈನರ್: 3-5-5-4-3. ಈಗ 2ನೇ ತಂತಿಯನ್ನು ಮಾತ್ರ ಓದಿ: 3, 4, 5, 4, ಮತ್ತೆ ಜಿ ಬಂದಾಗ 3. ಡಿ, ಡಿ ಶಾರ್ಪ್ (ಒಂದು ಫ್ರೆಟ್ ಏರಿದ ಡಿ), ಇ, ಇ ಫ್ಲಾಟ್, ಡಿ. ನಾಲ್ಕು ಕಾರ್ಡ್‌ಗಳ ಒಳಗೆ ಒಂದೇ ತಂತಿಯ ಮೇಲೆ ಒಂದು ಸ್ವರ ಎರಡು ಮೆಟ್ಟಿಲು ಹತ್ತಿ ಎರಡು ಮೆಟ್ಟಿಲು ಇಳಿಯುತ್ತದೆ. ಹತ್ತುವಾಗ 4ನೇ ಫ್ರೆಟ್ ಆಸೆಯಂತೆ ಕೇಳುತ್ತದೆ, ಇಳಿಯುವಾಗ ಅದೇ 4ನೇ ಫ್ರೆಟ್ ಸೋಲಿನಂತೆ ಕೇಳುತ್ತದೆ. ಫ್ರೆಟ್ ಒಂದೇ, ಬಂದ ದಾರಿ ಬೇರೆ. ಎರವಲು ಕಾರ್ಡ್‌ನ ಶಕ್ತಿ ಎಲ್ಲಿದೆ ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ನಾಲ್ಕು ಬೆರಳುಪಟ್ಟು ನಮಗೆ ಗೊತ್ತಿಲ್ಲ.

ಕವರ್ ನುಡಿಸುವವರು ಇಲ್ಲಿ ತಪ್ಪುವುದು ಜಿ ಕಾರ್ಡ್‌ನಲ್ಲಿ. ಹೊಸಬರು ಕಲಿಯುವ 3-2-0-0-0-3 ಹಿಡಿತದಲ್ಲಿ 2ನೇ ತಂತಿ ಖಾಲಿ ಇರುತ್ತದೆ, ಅಲ್ಲಿ ಡಿ ಬದಲು ಬಿ ಕೇಳುತ್ತದೆ. ಮೆಟ್ಟಿಲಿನ ಮೊದಲ ಹಂತವೇ ಕಳೆದುಹೋಗುತ್ತದೆ. ಹಾಗೆಯೇ ಸಿ ಯನ್ನು ಓಪನ್ ಆಗಿ ಹಿಡಿದರೆ 2ನೇ ತಂತಿ 1ನೇ ಫ್ರೆಟ್‌ಗೆ ಹಾರುತ್ತದೆ. ಕಾರ್ಡ್‌ನ ಹೆಸರು ಸರಿಯೇ, ಸ್ವರದ ಜಾಗ ತಪ್ಪು.

ಈ ಹಾಡಿನ ಬಿ ಮೇಜರ್ ಎರವಲು ಕಾರ್ಡ್ ಅಲ್ಲ ಎಂಬುದನ್ನೂ ಗಮನಿಸಿ. ಅದರಲ್ಲಿ ಡಿ ಮೇಲಕ್ಕೇರಿ ಶಾರ್ಪ್ ಆಗಿದೆ. ಮೈನರ್‌ನಿಂದ ತಂದ ಎರವಲಿನಲ್ಲಿ ಸ್ವರ ಯಾವಾಗಲೂ ಕೆಳಗಿಳಿಯುತ್ತದೆ, ಅದೂ ಸ್ಕೇಲ್‌ನ ಮೂರು, ಆರು, ಏಳನೆಯ ಸ್ವರಗಳು ಮಾತ್ರ. ಸಿ ಮೇಜರ್‌ನಲ್ಲಿ ಇ ಮೇಜರ್ ಅಥವಾ ಡಿ ಮೇಜರ್ ಬಂದರೆ ಸ್ವರ ಏರಿರುತ್ತದೆ. ಅವು ಮುಂದಿನ ಕಾರ್ಡ್‌ನತ್ತ ತಳ್ಳುವ ಬೇರೆ ಜಾತಿಯವು. ಅವನ್ನೂ ಎರವಲು ಎಂದುಕೊಂಡು ಮೈನರ್ ಸ್ಕೇಲ್‌ನಲ್ಲಿ ಸೋಲೋ ನುಡಿಸಿದರೆ ಕೆಡುತ್ತದೆ.

ಡಿಸ್ಟಾರ್ಷನ್ ಹಾಕಿದಾಗ ಏನಾಗುತ್ತದೆ

ಎಫ್ ಪವರ್ ಕಾರ್ಡ್‌ನಲ್ಲಿ ಇರುವುದು ಎಫ್ ಮತ್ತು ಸಿ ಎರಡೇ. ಎ ಇಲ್ಲ, ಎ ಫ್ಲಾಟ್ ಕೂಡ ಇಲ್ಲ. ಎರಡು ಗಿಟಾರ್ ಇರುವ ಬ್ಯಾಂಡ್ ಕೋರಸ್‌ನಲ್ಲಿ ಇಬ್ಬರೂ ಪವರ್ ಕಾರ್ಡ್‌ಗೆ ಹೋದರೆ, ಚಾರ್ಟ್‌ನಲ್ಲಿ ಎಫ್ ಮೈನರ್ ಎಂದು ಬರೆದಿದ್ದರೂ ಹಾಲ್‌ನಲ್ಲಿ ಯಾರಿಗೂ ಅದು ಕೇಳುವುದಿಲ್ಲ.

ಹಾಗೆಂದು ಪೂರ್ತಿ ಎಫ್ ಮೈನರ್ ಬ್ಯಾರೆಯನ್ನು ಗೇನ್ (ಡಿಸ್ಟಾರ್ಷನ್‌ನ ಪ್ರಮಾಣ) ಏರಿಸಿ ಬಾರಿಸಿದರೆ ಅದು ಗಲೀಜಾಗುತ್ತದೆ. ಕಾರಣ ಸ್ಪಷ್ಟ. ಡಿಸ್ಟಾರ್ಷನ್ ಎರಡು ಸ್ವರಗಳನ್ನು ಬೆರೆಸುವಾಗ ಅವುಗಳ ಕಂಪನದ ವ್ಯತ್ಯಾಸಕ್ಕೆ ಸಮನಾದ ಮೂರನೆಯ, ಕೆಳಗಿನ ಸ್ವರವೊಂದನ್ನು ಹುಟ್ಟಿಸುತ್ತದೆ. ಎಫ್ ಮತ್ತು ಸಿ ನಡುವಿನ ಅನುಪಾತ 2:3, ಹುಟ್ಟುವ ಸ್ವರ ಎಫ್‌ನದೇ ಕೆಳ ಸ್ಥಾಯಿ. ಅದಕ್ಕೇ ಪವರ್ ಕಾರ್ಡ್ ಅಷ್ಟು ಗಟ್ಟಿ. ಎಫ್ ಮತ್ತು ಎ ನಡುವೆ 4:5, ಆಗಲೂ ಹುಟ್ಟುವುದು ಎಫ್. ಆದರೆ ಎಫ್ ಮತ್ತು ಎ ಫ್ಲಾಟ್ ನಡುವೆ 5:6. ಅಲ್ಲಿ ಹುಟ್ಟುವುದು ಡಿ ಫ್ಲಾಟ್. ಕಾರ್ಡ್‌ನಲ್ಲೇ ಇಲ್ಲದ ಸ್ವರವೊಂದು ಕೆಳಗಿನಿಂದ ಗುಂಯ್‌ಗುಡುತ್ತದೆ. ಜೊತೆಗೆ ಫ್ರೆಟ್‌ಗಳ ಸಮಭಾಗದ ಶ್ರುತಿಯಲ್ಲಿ ಮೇಜರ್ ಮೂರನೆಯ ಸ್ವರ ಶುದ್ಧ ಅನುಪಾತಕ್ಕಿಂತ ಸುಮಾರು 14 ಸೆಂಟ್ (ಒಂದು ಫ್ರೆಟ್ ಅಂತರದ ನೂರರಲ್ಲೊಂದು ಭಾಗ ಒಂದು ಸೆಂಟ್) ಹೆಚ್ಚು, ಮೈನರ್ ಮೂರನೆಯದು ಸುಮಾರು 16 ಸೆಂಟ್ ಕಡಿಮೆ. ಐದನೆಯ ಸ್ವರದ ವ್ಯತ್ಯಾಸ ಬರೀ 2 ಸೆಂಟ್. ಈ ವ್ಯತ್ಯಾಸವನ್ನೂ ಡಿಸ್ಟಾರ್ಷನ್ ಹಿಗ್ಗಿಸಿ ತೋರಿಸುತ್ತದೆ.

ಪರಿಹಾರ ಕೆಲಸ ಹಂಚಿಕೊಳ್ಳುವುದರಲ್ಲಿದೆ. ಒಂದು ಗಿಟಾರ್ ಕೆಳಗಿನ ಮೂರು ತಂತಿಗಳಲ್ಲಿ ಪವರ್ ಕಾರ್ಡ್ ಹಿಡಿಯಲಿ. ಎರಡನೆಯ ಗಿಟಾರ್ ಗೇನ್ ಅನ್ನು 7ರಿಂದ 3ಕ್ಕೆ ಇಳಿಸಿ, ಎ, ಎ ಫ್ಲಾಟ್, ಜಿ ಇಳಿಜಾರನ್ನು ಒಂಟಿ ಸ್ವರಗಳಾಗಿ 2ನೇ ತಂತಿಯ 10, 9, 8ನೇ ಫ್ರೆಟ್‌ಗಳಲ್ಲಿ ನುಡಿಸಲಿ. ಒಂದೇ ಗಿಟಾರ್ ಇರುವ ಬ್ಯಾಂಡ್‌ನಲ್ಲಿ ಈ ಕೆಲಸ ಕೀಬೋರ್ಡ್‌ಗೆ ಅಥವಾ ಹಿನ್ನೆಲೆ ದನಿಗೆ ಹೋಗಬೇಕು. ಅದೂ ಇಲ್ಲದ ಮೂವರ ಬ್ಯಾಂಡ್ ಆದರೆ ಬೇಸ್ ನುಡಿಸುವವರು ಎಫ್ ಬದಲು ಎ ಫ್ಲಾಟ್ ಹಿಡಿದು ಅಲ್ಲಿಂದ ಜಿ ಗೆ ಇಳಿದು, ಆಮೇಲೆ ಸಿ ಗೆ ಹೋಗಲಿ. ಬೇಸ್‌ನ 4ನೇ ತಂತಿಯಲ್ಲಿ 4ನೇ ಫ್ರೆಟ್, 3ನೇ ಫ್ರೆಟ್, ನಂತರ 3ನೇ ತಂತಿಯ 3ನೇ ಫ್ರೆಟ್. ಮೂವರ ಬ್ಯಾಂಡ್‌ಗೆ ನಾವು ಇದನ್ನೇ ಮೊದಲು ಹೇಳುತ್ತೇವೆ. ಬೇಸ್ ನುಡಿಸಿದ ಸ್ವರವನ್ನು ಕೇಳಿಸಿಕೊಳ್ಳದೆ ಇರಲು ಯಾರಿಗೂ ಆಗುವುದಿಲ್ಲ.

ಬಿ ಫ್ಲಾಟ್: ಪವರ್ ಕಾರ್ಡ್‌ಗೆ ಒಗ್ಗುವ ಎರವಲು

ಏಳನೆಯ ಸ್ವರ ಇಳಿಸಿ ಅದರ ಮೇಲೆ ಕಟ್ಟುವ ಮೇಜರ್ ಕಾರ್ಡ್‌ಗೆ ಮೇಲಿನ ತೊಂದರೆ ಇಲ್ಲ. ಬದಲಾದ ಸ್ವರವೇ ಕಾರ್ಡ್‌ನ ಬೇರು, ಹಾಗಾಗಿ ಪವರ್ ಕಾರ್ಡ್‌ನಲ್ಲೂ ಅದು ಸ್ಪಷ್ಟ. ಎಸಿ/ಡಿಸಿ ಬ್ಯಾಂಡ್‌ನ 1980ರ ‘ಬ್ಯಾಕ್ ಇನ್ ಬ್ಲ್ಯಾಕ್’ ರಿಫ್‌ನ (ಮತ್ತೆ ಮತ್ತೆ ಬರುವ ಗಿಟಾರ್ ತುಣುಕಿನ) ಬೆನ್ನೆಲುಬು ಇ, ಡಿ, ಎ. ಇ ಮೇಜರ್‌ನಲ್ಲಿ ಇಲ್ಲಿ ಎರವಲಾಗಿ ಬಂದಿರುವುದು ಡಿ. 1968ರ ಬೀಟಲ್ಸ್ ಹಾಡು ‘ಹೇ ಜೂಡ್’ ಕೊನೆಯಲ್ಲಿ ಎಫ್, ಇ ಫ್ಲಾಟ್, ಬಿ ಫ್ಲಾಟ್, ಎಫ್ ಎಂದು ಸುತ್ತುತ್ತಾ ಹೋಗುತ್ತದಲ್ಲ, ಅಲ್ಲಿ ಇ ಫ್ಲಾಟ್ ಎರವಲು. ಏಳು ನಿಮಿಷ ದಾಟುವ ಹಾಡಿನ ಅರ್ಧಕ್ಕಿಂತ ಹೆಚ್ಚು ಭಾಗ ಆ ಒಂದು ಸುತ್ತಿನ ಮೇಲೇ ನಿಂತಿದೆ.

ಸಿ ಯಲ್ಲಿ ಮಾಡಿ ನೋಡಲು: ಸಿ ಎರಡು ಬಾರ್, ಬಿ ಫ್ಲಾಟ್ ಒಂದು, ಎಫ್ ಒಂದು. ಎಚ್ಚರ ಬೇಕಾದದ್ದು ರಾಗದ ಸಾಲಿನಲ್ಲಿ: ಬಿ ಫ್ಲಾಟ್ ಬಂದ ಬಾರ್‌ನಲ್ಲಿ ಗಾಯಕರು ಅಥವಾ ಲೀಡ್ ಗಿಟಾರ್ ಬಿ ನ್ಯಾಚುರಲ್ ಮೇಲೆ ನಿಂತರೆ ಕಿವಿ ಚುಚ್ಚುತ್ತದೆ.

ಎ ಫ್ಲಾಟ್, ಇ ಫ್ಲಾಟ್

ಎ ಫ್ಲಾಟ್, ಬಿ ಫ್ಲಾಟ್, ಸಿ ಎಂದು ಒಂದೊಂದು ಬಾರ್ ಮೆಟ್ಟಿಲು ಹತ್ತುವುದು ಕೋರಸ್‌ನ ಕೊನೆಗೆ ಹೇಳಿ ಮಾಡಿಸಿದ ಓಟ. ಒಂದೇ ಬ್ಯಾರೆ ಆಕಾರವನ್ನು 4, 6, 8ನೇ ಫ್ರೆಟ್‌ಗೆ ಜಾರಿಸಿದರೆ ಆಯಿತು. ಡ್ರಮ್ಸ್ ಕೂಡ ಇಲ್ಲಿ ಏರಬೇಕು. ಎ ಫ್ಲಾಟ್ ಬಂದ ಕೂಡಲೇ ಸಿಂಬಲ್ ಹೊಡೆದುಬಿಟ್ಟರೆ ಸಿ ಗೆ ಏನೂ ಉಳಿಯುವುದಿಲ್ಲ, ಅದನ್ನು ಸಿ ಗೆ ಕಾಯ್ದಿಡಿ.

ಇ ಫ್ಲಾಟ್ ಒರಟು. ಸಿ ಕಾರ್ಡ್‌ಗೆ ಮೇಜರ್ ಗುಣ ಕೊಡುವ ಇ ಸ್ವರವನ್ನೇ ಅದು ಅಲ್ಲಗಳೆಯುತ್ತದೆ. ಸಿ, ಇ ಫ್ಲಾಟ್, ಎಫ್ ಎಂದು ರಿಫ್ ಕಟ್ಟುವಾಗ ಬ್ಲೂಸ್ ಬಣ್ಣ ಬೇಕೆಂದೇ ಬಳಸಿ. ಕೋಮಲವಾದ ಹಾಡಿಗೆ ಹಾಕಬೇಡಿ.

ಕೈಗೆ ಸಿಗುವ ಸ್ಕೇಲ್ ಆರಿಸಿ

ವಿವರಿಸಲು ಸಿ ಸುಲಭ, ಗಿಟಾರ್‌ಗೆ ಇ ಮತ್ತು ಎ ಸುಲಭ. ಇ ಮೇಜರ್‌ಗೆ ಬರುವ ಎರವಲುಗಳು ಎ ಮೈನರ್, ಜಿ, ಸಿ, ಡಿ. ನಾಲ್ಕೂ ಓಪನ್ ಕಾರ್ಡ್. ಎ ಮೇಜರ್‌ಗೆ ಡಿ ಮೈನರ್, ಸಿ, ಎಫ್, ಜಿ. ಡಿ ಮೇಜರ್‌ಗೆ ಜಿ ಮೈನರ್, ಎಫ್, ಬಿ ಫ್ಲಾಟ್, ಸಿ. ಜಿ ಮೇಜರ್‌ಗೆ ಸಿ ಮೈನರ್, ಬಿ ಫ್ಲಾಟ್, ಇ ಫ್ಲಾಟ್, ಎಫ್. ಗಿಟಾರ್ ಮೇಲೆ ಕಟ್ಟಿದ ರಾಕ್ ಹಾಡುಗಳಲ್ಲಿ ಇಷ್ಟೊಂದು ಎರವಲು ಕಾರ್ಡ್ ತುಂಬಿರುವುದಕ್ಕೆ ಅವು ಇ ಮತ್ತು ಎ ಯಲ್ಲಿ ಇಷ್ಟು ಸಲೀಸಾಗಿ ಬೆರಳಿಗೆ ಬರುವುದೂ ಒಂದು ಕಾರಣ. ಗಾಯಕರ ದನಿಗೆ ಇ ತಗ್ಗಾದರೆ 1 ಅಥವಾ 2ನೇ ಫ್ರೆಟ್‌ಗೆ ಕೇಪೋ (ಎಲ್ಲ ತಂತಿಗಳನ್ನೂ ಒತ್ತಿಹಿಡಿಯುವ ಕ್ಲಿಪ್) ಹಾಕಿ, ಬೇಸ್ ಮತ್ತು ಕೀಬೋರ್ಡ್ ನುಡಿಸುವವರಿಗೆ ನಿಜವಾದ ಕಾರ್ಡ್ ಹೆಸರು ಬರೆದುಕೊಡಿ. ಇದನ್ನು ಮರೆತು ಹಾಳಾದ ಅಭ್ಯಾಸಗಳಿಗೆ ಲೆಕ್ಕವಿಲ್ಲ.

ಹಾಡುವವರಿಗೆ

ಕರ್ನಾಟಕ ಸಂಗೀತ ಕಲಿತ ಗಾಯಕರಿಗೆ ಇದು ಬೇಗ ಹತ್ತುತ್ತದೆ. ಸಿ ಯನ್ನು ಷಡ್ಜ ಮಾಡಿಕೊಂಡರೆ ಸಿ ಮೇಜರ್ 29ನೇ ಮೇಳ ಧೀರಶಂಕರಾಭರಣದ ಸ್ವರಗಳು, ಸಿ ಮೈನರ್ 20ನೇ ಮೇಳ ನಟಭೈರವಿಯವು. ಎಫ್ ಮೈನರ್ ತರುವುದು ಶುದ್ಧ ಧೈವತವನ್ನು. ಅದೊಂದು ಸ್ವರ ಮಾತ್ರ ಬದಲಾದಾಗ ಸ್ವರಗಳು 27ನೇ ಮೇಳ ಸರಸಾಂಗಿಯವು. ಬಿ ಫ್ಲಾಟ್ ತರುವುದು ಕೈಶಿಕಿ ನಿಷಾದವನ್ನು, ಅದು 28ನೇ ಮೇಳ ಹರಿಕಾಂಭೋಜಿ. ಎರಡನ್ನೂ ಸೇರಿಸಿದರೆ 26ನೇ ಮೇಳ ಚಾರುಕೇಶಿ. ಶಂಕರಾಭರಣದ ಜನ್ಯವಾದ ಬಿಲಹರಿ ಒಂದು ಪ್ರಯೋಗದಲ್ಲಿ ಕೈಶಿಕಿ ನಿಷಾದವನ್ನು ಅನ್ಯಸ್ವರವಾಗಿ ತಂದುಕೊಳ್ಳುವುದನ್ನು ಬಲ್ಲವರಿಗೆ, ಹಾಡು ತನ್ನ ಸ್ಕೇಲ್ ಬಿಡದೆ ಹೊರಗಿನ ಸ್ವರ ಕರೆಸಿಕೊಳ್ಳುವುದು ಹೊಸದೇನಲ್ಲ.

ತೊಂದರೆ ಬರುವುದು ಗಮಕದಲ್ಲಿ. ಗಿಟಾರ್‌ನ ಎ ಫ್ಲಾಟ್ ಫ್ರೆಟ್‌ಗೆ ಕಟ್ಟಿಬಿದ್ದದ್ದು; ಅದರ ಮೇಲೆ ಶುದ್ಧ ಧೈವತವನ್ನು ಕಂಪಿಸಿ ಹಾಡಿದರೆ ಎರಡೂ ಒಟ್ಟಿಗೆ ಶ್ರುತಿ ತಪ್ಪಿದಂತೆ ಕೇಳುತ್ತವೆ. ಆ ಒಂದು ಸ್ವರವನ್ನು ನೇರವಾಗಿ, ಅಲುಗಿಸದೆ ನಿಲ್ಲಿಸಿ. ಗಮಕವನ್ನು ಸಿ ಗೆ ಮರಳಿದ ಮೇಲೆ ಇಡಿ.

ಯಾವ ಸ್ವರ ಹಿಡಿದು ನಿಲ್ಲಬಹುದು? ಎಫ್ ಮೈನರ್ ಮೇಲೆ ಸಿ ಅತ್ಯಂತ ಸುರಕ್ಷಿತ, ಎಫ್‌ನಲ್ಲೂ ಎಫ್ ಮೈನರ್‌ನಲ್ಲೂ ಸಿ ಯಲ್ಲೂ ಅದು ಇದೆ. ಗಾಯಕರು ಅದನ್ನೇ ಹಿಡಿದಿದ್ದು ಕೆಳಗೆ ಕಾರ್ಡ್ ಬದಲಾದಾಗ ಒಂದೇ ಸ್ವರಕ್ಕೆ ಮೂರು ಅರ್ಥ ಬರುತ್ತದೆ. ಜಿ ಮತ್ತು ಡಿ ಕೂಡ ಚೆನ್ನ. ಎ ಮಾತ್ರ ಬೇಡ, ಪಕ್ಕದ ಎ ಫ್ಲಾಟ್‌ಗೆ ಅದು ಉಜ್ಜುತ್ತದೆ. ಲೀಡ್ ಗಿಟಾರ್‌ನವರಿಗೂ ಇದೇ ಮಾತು: ಸಿ ಮೇಜರ್ ಪೆಂಟಟಾನಿಕ್‌ನಲ್ಲಿ (ಐದು ಸ್ವರಗಳ ಸ್ಕೇಲ್‌ನಲ್ಲಿ) ಎ ಇದೆ, ಆ ಬಾರ್‌ನಲ್ಲಿ ಅದನ್ನು ಬಿಡಿ, ಇಲ್ಲವೇ ಆ ಬಾರ್ ಮಟ್ಟಿಗೆ ಸಿ ಮೈನರ್ ಪೆಂಟಟಾನಿಕ್‌ಗೆ ಹೋಗಿ ಬನ್ನಿ.

ಅಭ್ಯಾಸದ ಕೋಣೆಯಲ್ಲಿ

ಡ್ರಮ್ಸ್ ಇಲ್ಲದೆ, ಎಲ್ಲರೂ ಕ್ಲೀನ್ ಟೋನ್‌ನಲ್ಲಿ, ನಿಮಿಷಕ್ಕೆ 70 ಬೀಟ್‌ನಲ್ಲಿ ಎಫ್, ಎಫ್ ಮೈನರ್, ಸಿ ಇರುವ ಆ ನಾಲ್ಕು ಬಾರ್‌ಗಳನ್ನಷ್ಟೇ ಸುತ್ತಿಸಿ. ಮೊದಲ ಸುತ್ತಿನಲ್ಲಿ ಬೇಸ್ ಮತ್ತು ಇಳಿಯುವ ಸ್ವರ ನುಡಿಸುವವರು ಮಾತ್ರ. ಅದು ಕೂತ ಮೇಲೆ ಗಾಯಕರು. ಆಮೇಲೆ ಉಳಿದವರು ಒಬ್ಬೊಬ್ಬರಾಗಿ ಸೇರಿಕೊಳ್ಳಲಿ. ಯಾರು ಸೇರಿದಾಗ ಕೆಟ್ಟಿತು ಎಂಬುದು ತಕ್ಷಣ ಗೊತ್ತಾಗುತ್ತದೆ. ಸಾಮಾನ್ಯವಾಗಿ ಅದು ಕೀಬೋರ್ಡ್‌ನ ಪ್ಯಾಡ್ (ಹಿನ್ನೆಲೆಯಲ್ಲಿ ಉದ್ದಕ್ಕೆ ಹಿಡಿದ ಮೆತ್ತನೆಯ ದನಿ), ಸಸ್ಟೇನ್ ಪೆಡಲ್ ಒತ್ತಿಯೇ ಇದ್ದು ಹಿಂದಿನ ಕಾರ್ಡ್‌ನ ಎ ಇನ್ನೂ ಮೊಳಗುತ್ತಿರುತ್ತದೆ. ಡಿಲೇ ಪೆಡಲ್ ಕೂಡ ಇದೇ ಕಿತಾಪತಿ ಮಾಡುತ್ತದೆ: ರಿಪೀಟ್ ಎರಡಕ್ಕಿಂತ ಹೆಚ್ಚಿದ್ದರೆ ಹಳೆಯ ಸ್ವರ ಹೊಸ ಕಾರ್ಡ್ ಮೇಲೆ ಬೀಳುತ್ತದೆ. ನಂತರವೇ ಡ್ರಮ್ಸ್, ನಂತರವೇ ಗೇನ್.

ಹಾಡಿನಲ್ಲಿ ಎಲ್ಲಿ ಇಡಬೇಕು ಎಂಬುದರಲ್ಲಿ ಅಭಿಪ್ರಾಯಭೇದ ಇದ್ದೇ ಇರುತ್ತದೆ. ಸುತ್ತಿನಲ್ಲೇ ಹೆಣೆದುಕೊಂಡಿಲ್ಲದಿದ್ದರೆ ಒಂದು ಹಾಡಿಗೆ ಒಂದೇ ಜಾಗ ಸಾಕು ಎಂಬುದು ನಮ್ಮ ನಿಲುವು. ಮೊದಲೆರಡು ಕೋರಸ್‌ಗಳಲ್ಲಿ ಕೊನೆಯ ಸಾಲನ್ನು ಎಫ್, ಜಿ, ಸಿ ಎಂದೇ ನುಡಿಸಿ, ಮೂರನೆಯದರಲ್ಲಿ ಜಿ ತೆಗೆದು ಎಫ್ ಮೈನರ್ ಇಡಿ. ಸಾಹಿತ್ಯ ಬದಲಾಗದಿದ್ದರೂ ಸಾಲಿನ ಅರ್ಥ ಬದಲಾಗುತ್ತದೆ. ಪ್ರತಿ ಸಾಲಿನಲ್ಲೂ ಎರವಲು ತುರುಕಿದರೆ ಕೇಳುಗರಿಗೆ ಮೇಜರ್ ಯಾವುದು, ಮೈನರ್ ಯಾವುದು ಎಂಬ ನೆಲೆಯೇ ಸಿಗದೆ ಒಂದೂ ನಾಟುವುದಿಲ್ಲ.

ಹಾಡು ಮೈನರ್‌ನಲ್ಲೇ ಇದ್ದರೆ ದಾರಿ ತಿರುಗುಮುರುಗು. ಎ ಮೈನರ್ ಹಾಡಿನಲ್ಲಿ ಡಿ ಮೈನರ್ ಬದಲು ಡಿ ಮೇಜರ್ ತಂದರೆ ಎಫ್ ಸ್ವರ ಶಾರ್ಪ್ ಆಗಿ ಮೇಲೇರುತ್ತದೆ, ಹಾಡಿಗೆ ಗಾಳಿ ಬೆಳಕು ಬಂದಂತಾಗುತ್ತದೆ. ಆಗ ಬೇಸ್‌ನವರು ಎಫ್ ನ್ಯಾಚುರಲ್ ಮೂಲಕ ಹಾದುಹೋಗುವ ಅಭ್ಯಾಸವನ್ನು ಆ ಬಾರ್‌ನಲ್ಲಿ ಬಿಡಬೇಕು.

ಕೊನೆಗೆ ಫೋನನ್ನು ಕೋಣೆಯ ಮೂಲೆಯಲ್ಲಿಟ್ಟು ರೆಕಾರ್ಡ್ ಮಾಡಿ, ಫೋನ್‌ನ ಸಣ್ಣ ಸ್ಪೀಕರ್‌ನಲ್ಲೇ ಕೇಳಿ. ಅದರಲ್ಲಿ ಬೇಸ್ ಹೆಚ್ಚುಕಡಿಮೆ ಕೇಳುವುದೇ ಇಲ್ಲ, ಮಧ್ಯದ ಸ್ವರಗಳೇ ಉಳಿಯುತ್ತವೆ. ಎರವಲು ಕಾರ್ಡ್ ಬಂದಾಗ ಇಳಿದ ಸ್ವರವನ್ನು ಹುಡುಕದೆ ಗುನುಗಲು ಆದರೆ ಅದು ನಿಂತಿದೆ. ಆಗದಿದ್ದರೆ ಆ ಸ್ವರ ನುಡಿಸುವವರ ವಾಲ್ಯೂಮ್ ಏರಿಸುವ ಮೊದಲು, ಉಳಿದವರಲ್ಲಿ ಒಬ್ಬರನ್ನು ಆ ಬಾರ್‌ನಲ್ಲಿ ಸುಮ್ಮನಿರಿಸಿ ಇನ್ನೊಮ್ಮೆ ರೆಕಾರ್ಡ್ ಮಾಡಿ.